ಮಗಳಿಗೆ ಲಿನಕ್ಸ್ ಗೊತ್ತು, ಅಪ್ಪನ ಅಂಗಡಿಗೆ ಗೊತ್ತಿಲ್ಲ: ಕಾಸರಗೋಡಿಗೆ ಒಂದು ಕನ್ನಡ ಲಿನಕ್ಸ್ ಬಳಗ ಯಾಕೆ ಬೇಕು

ಬದಿಯಡ್ಕ ಪೇಟೆಯ ಹತ್ತಿರ ಪರಿಚಯದವರ ಒಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾಗದ, ಜಾತ್ರೆಯ ಆಮಂತ್ರಣ, ತಾಳಮದ್ದಳೆಯ ಕರಪತ್ರ, ಸೊಸೈಟಿಯ ವರದಿ, ಎಲ್ಲ ಅಲ್ಲೇ ಆಗುತ್ತದೆ. 2025ರ ದೀಪಾವಳಿ ಕಳೆದು ಒಂದೆರಡು ವಾರಕ್ಕೆ ಅಲ್ಲಿಗೆ ಹೋಗಿದ್ದೆ. ಅಂಗಡಿಯವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ‘ಇದಕ್ಕೆ ಇನ್ನು ಅಪ್‌ಡೇಟ್ ಇಲ್ಲ ಅಂತ ಬರ್ತಾ ಉಂಟು. ಹೊಸತು ತೆಗೆಯಲೇಬೇಕಾ?’ ಅಂತ ಕೇಳಿದರು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿತ್ತು. ವಿಂಡೋಸ್ 11 ಹಾಕಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು, ಅಂದರೆ 2017ರ ಕೊನೆಯ ನಂತರದ್ದು. ಅಂಗಡಿಯ ಯಂತ್ರ ಅದಕ್ಕಿಂತ ಹಳೆಯದು. ಆದರೆ ಚೆನ್ನಾಗಿಯೇ ಓಡುತ್ತದೆ.

ನಾವು ಮಾತಾಡುತ್ತಿರುವಾಗ ಅವರ ಮಗಳು ಶಾಲೆಯಿಂದ ಬಂದಳು. ಹತ್ತನೇ ತರಗತಿ, ಕನ್ನಡ ಮಾಧ್ಯಮ. ಅವತ್ತು ಲ್ಯಾಬಿನಲ್ಲಿ ಏನು ಮಾಡಿದ್ರಿ ಅಂತ ಕೇಳಿದೆ. ಇಂಕ್‌ಸ್ಕೇಪ್‌ನಲ್ಲಿ ಒಂದು ಚಿತ್ರ ಬಿಡಿಸಿದ್ದಳಂತೆ. ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಕೂಡ ಬರೆದಿದ್ದಳಂತೆ. ಅವಳ ಶಾಲೆಯ ಕಂಪ್ಯೂಟರುಗಳಲ್ಲಿ ವಿಂಡೋಸ್ ಇಲ್ಲವೇ ಇಲ್ಲ. ಇರುವುದು ಲಿನಕ್ಸ್, ಅಂದರೆ ವಿಂಡೋಸಿನ ಜಾಗದಲ್ಲಿ ಯಾರೂ ಪುಕ್ಕಟೆ ಬಳಸಬಹುದಾದ ವ್ಯವಸ್ಥೆ. ಅದರ ಉಬುಂಟು ಎಂಬ ರೂಪದ ಮೇಲೆ ಕಟ್ಟಿದ್ದು. ಅದು ಅವಳಿಗೆ ನೀರು ಕುಡಿದಷ್ಟು ಸಲೀಸು.

ಮಗಳು ದಿನಾ ಬಳಸುವ ವ್ಯವಸ್ಥೆಯನ್ನು ಅಪ್ಪನ ಅಂಗಡಿಯ ಹಳೆಯ ಯಂತ್ರಕ್ಕೆ ಹಾಕಬಹುದು. ದುಡ್ಡು ಕೊಡಬೇಕಾಗಿಲ್ಲ, ಯಂತ್ರ ಬದಲಿಸಬೇಕಾಗಿಲ್ಲ. ಆದರೂ ಆ ಮನೆಯಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ. ಶಾಲೆಯಿಂದ ಅಂಗಡಿಗೆ ಅರ್ಧ ಕಿಲೋಮೀಟರ್ ದೂರ. ಆ ಅರ್ಧ ಕಿಲೋಮೀಟರಿನಲ್ಲಿ ಏನು ಕಡಿಮೆಯಾಗಿದೆ ಅಂತ ಅವತ್ತಿನಿಂದ ಯೋಚಿಸುತ್ತಿದ್ದೇನೆ. ಸಾಫ್ಟ್‌ವೇರ್ ಇದೆ, ಯಂತ್ರ ಇದೆ, ಕಲಿತ ಮಕ್ಕಳೂ ಇದ್ದಾರೆ. ಕೂತು ಮಾತಾಡಲು, ಕೇಳಲು, ಒಬ್ಬರ ಯಂತ್ರವನ್ನು ಇನ್ನೊಬ್ಬರು ಬಿಚ್ಚಿ ನೋಡಲು ಒಂದು ಜಾಗ ಇಲ್ಲ. ಬೇರೆ ಊರುಗಳಲ್ಲಿ ಆ ಕೆಲಸ ಮಾಡಿದ್ದು ಬಳಕೆದಾರರ ಬಳಗಗಳು. ‘ಲಿನಕ್ಸ್ ಯೂಸರ್ ಗ್ರೂಪ್’ ಎಂಬುದರ ಇಂಗ್ಲಿಷ್ ಮೊದಲಕ್ಷರ ಸೇರಿಸಿ ಜನ ಅದನ್ನು ‘ಲಗ್’ ಅಂತ ಕರೆಯುತ್ತಾರೆ.

ಸಿ.ಡಿ. ಹಂಚಿದ ಕಾಲ

ಭಾರತದಲ್ಲಿ ಈ ಬಳಗಗಳು ಹುಟ್ಟಿದ್ದು ಇಂಟರ್ನೆಟ್ ನಿಧಾನವಾಗಿದ್ದ ಕಾಲದಲ್ಲಿ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಸುರು ಮಾಡಿದರೂ ನಮ್ಮ ಜನರ ಕೈಗೆ ಅದು ಸಿಕ್ಕಿದ್ದು ಮುಖ್ಯವಾಗಿ ಸಿ.ಡಿ.ಯ ಮೂಲಕ. 1996ರಲ್ಲಿ ಪಿಸಿಕ್ವೆಸ್ಟ್ ಪತ್ರಿಕೆ ತನ್ನ ಸಂಚಿಕೆಯ ಜೊತೆಗೇ ಲಿನಕ್ಸ್ ಸಿ.ಡಿ. ಕೊಟ್ಟಿತು. ಅದರ ಹಿಂದೆ ಬೆಂಗಳೂರಿನ ಅತುಲ್ ಚಿಟ್ನಿಸ್ ಇದ್ದರು. ಡಯಲಪ್ ಫೋನಿನಲ್ಲಿ ಇಡೀ ವ್ಯವಸ್ಥೆ ಇಳಿಸಿಕೊಳ್ಳುವುದು ಆಗದ ಮಾತು. ಹಾಗಾಗಿ ಒಬ್ಬರ ಬಳಿ ಸಿ.ಡಿ. ಇದ್ದರೆ ಹತ್ತು ಜನ ಅವರ ಮನೆಗೆ ಹೋಗುತ್ತಿದ್ದರು. ಹೋದವರು ಸುಮ್ನೆ ಸಿ.ಡಿ. ಹಿಡಿದು ಬರುತ್ತಿರಲಿಲ್ಲ. ಮೋಡೆಮ್ ಹೇಗೆ ಹಿಡಿಸಿದಿರಿ, ಸೌಂಡ್ ಯಾಕೆ ಬರುತ್ತಿಲ್ಲ ಅಂತ ಕೇಳಿಕೊಂಡು ಬರುತ್ತಿದ್ದರು. ಸಿ.ಡಿ. ಒಂದು ನೆಪ, ಗೆಳೆತನ ಅದರ ಬೆನ್ನಿಗೆ ಬಂತು.

ಚೆನ್ನೈಯ ಬಳಗ 1998ರಿಂದ ಇದೆ. ತಿಂಗಳ ಎರಡನೇ ಶನಿವಾರ ಸೇರುವುದು ಅವರ ರೂಢಿ, ಬಹುಕಾಲ ಅದು ಐಐಟಿ ಮದ್ರಾಸಿನಲ್ಲಿ ನಡೆಯುತ್ತಿತ್ತು. ಬೆಂಗಳೂರಿನ ಬಳಗದವರು 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಎಂಬ ಸಮ್ಮೇಳನ ಸುರು ಮಾಡಿದರು. 2005ರಲ್ಲಿ ಅದು ‘ಫಾಸ್ ಡಾಟ್ ಇನ್’ ಆಯಿತು, 2012ರಲ್ಲಿ ನಿಂತಿತು. ಅತುಲ್ ಚಿಟ್ನಿಸ್ ಮರುವರ್ಷ ತೀರಿಕೊಂಡರು. ಆಗಿನ ಹುಡುಗರು ಕಂಪನಿಗಳಿಗೆ ಸೇರಿದರು, ಬ್ರಾಡ್‌ಬ್ಯಾಂಡ್ ಬಂತು, ಸಿ.ಡಿ.ಯ ನೆಪ ಹೋಯಿತು. ಎಷ್ಟೋ ಊರುಗಳಲ್ಲಿ ಬಳಗ ಸೊರಗಿದ್ದು ಹೀಗೇ. ಈಚೆಗೆ, 2020ರಿಂದ, ಫಾಸ್ ಯುನೈಟೆಡ್ ಎಂಬ ಸಂಸ್ಥೆ ಊರೂರಲ್ಲಿ ಮತ್ತೆ ಜನರನ್ನು ಕೂಡಿಸುವ ಕೆಲಸ ಮಾಡುತ್ತಿದೆ.

ನಮ್ಮ ಕಡೆಗೆ ಲಿನಕ್ಸ್ ಬಂದ ಮೊದಲ ದಾರಿ ಅಂಚೆ. ಉಬುಂಟು ಮಾಡುವ ಕೆನಾನಿಕಲ್ ಕಂಪನಿ 2011ರ ತನಕ ಕೇಳಿದವರಿಗೆಲ್ಲ ಪುಕ್ಕಟೆ ಸಿ.ಡಿ. ಕಳಿಸುತ್ತಿತ್ತು. ಅಂಚೆ ಖರ್ಚೂ ಅವರದೇ. ನಾನು ಕಾಲೇಜಿನಲ್ಲಿದ್ದಾಗ ಒಂದು ಅರ್ಜಿ ಹಾಕಿದ್ದೆ. ವಾರಗಟ್ಟಲೆ ಕಾದ ಮೇಲೆ ಪೋಸ್ಟ್‌ಮ್ಯಾನ್ ಅಡಿಕೆ ತೋಟದ ಸಂಕ ದಾಟಿ ಬಂದು ಒಂದು ರಟ್ಟಿನ ಲಕೋಟೆ ಕೊಟ್ಟರು. ಮೇಲೆ ವಿದೇಶದ ಮುದ್ರೆ. ‘ಎಲ್ಲಿಂದ ಇದು, ಎಷ್ಟು ಕೊಟ್ಟೆ?’ ಅಂತ ಅಪ್ಪ ಕೇಳಿದರು. ಏನೂ ಕೊಟ್ಟಿಲ್ಲ ಅಂದರೆ ಅವರು ನಂಬಲಿಲ್ಲ. ಒಳಗಿದ್ದ ಸಿ.ಡಿ.ಗಳಲ್ಲಿ ಒಂದನ್ನು ನಾನಿಟ್ಟುಕೊಂಡು ಉಳಿದದ್ದನ್ನು ಗೆಳೆಯರಿಗೆ ಹಂಚಿದೆ. ಹಾಕಲು ಬಾರದೆ ಅವರು ವಾಪಸ್ ತಂದುಕೊಟ್ಟರು. ಹೇಳಿಕೊಡುವವರು ಹತ್ತಿರದಲ್ಲಿ ಯಾರೂ ಇರಲಿಲ್ಲ. ನನಗೂ ಆಗ ಅಷ್ಟು ಗೊತ್ತಿರಲಿಲ್ಲ.

ಶಾಲೆಯ ದಾರಿ

ಎರಡನೇ ದಾರಿ ಶಾಲೆ. ಈ ವಿಷಯದಲ್ಲಿ ಕೇರಳ ಮಾಡಿದ ಕೆಲಸ ದೊಡ್ಡದು. ಗಡಿಯ ನೋವು ಏನೇ ಇದ್ದರೂ ಇದನ್ನು ಮನಸಾರೆ ಒಪ್ಪಬೇಕು.

ಯಾರೂ ಬಳಸಿ, ತಿದ್ದಿ, ಹಂಚಬಹುದಾದ ‘ಸ್ವತಂತ್ರ ತಂತ್ರಾಂಶ’ದ ಚಳವಳಿ ಸುರು ಮಾಡಿದ ರಿಚರ್ಡ್ ಸ್ಟಾಲ್ಮನ್ 2001ರ ಜುಲೈಯಲ್ಲಿ ತಿರುವನಂತಪುರಕ್ಕೆ ಬಂದು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಆಫ್ ಇಂಡಿಯಾವನ್ನು ಉದ್ಘಾಟಿಸಿದರು. ಅದೇ ವರ್ಷ ರಾಜ್ಯದಲ್ಲಿ ‘ಐಟಿ@ಸ್ಕೂಲ್’ ಯೋಜನೆ ಸುರುವಾಯಿತು. ಮೊದಮೊದಲು ಶಾಲೆಗಳಲ್ಲಿ ವಿಂಡೋಸೇ ಇತ್ತು. ಶಿಕ್ಷಕರ ಸಂಘಟನೆಗಳು ಮತ್ತು ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರು ಅದನ್ನು ಪ್ರಶ್ನೆ ಮಾಡಿದರು. ಸರ್ಕಾರಿ ಶಾಲೆ ಒಂದು ಕಂಪನಿಯ ಸರಕನ್ನು ಯಾಕೆ ಕಲಿಸಬೇಕು? ಮಗು ಮನೆಯಲ್ಲಿ ಅಭ್ಯಾಸ ಮಾಡಬೇಕಾದರೆ ದುಡ್ಡು ಕೊಡಬೇಕು ಅಥವಾ ಕದ್ದ ಪ್ರತಿ ಹಾಕಬೇಕು, ಇದು ಸರಿಯಾ? ಈ ಪ್ರಶ್ನೆಗೆ ತೂಕ ಇತ್ತು. ಆ ದಶಕ ಮುಗಿಯುವುದರೊಳಗೆ ಹೈಸ್ಕೂಲುಗಳ ಐಟಿ ಪಾಠ ಮತ್ತು ಪರೀಕ್ಷೆ ಲಿನಕ್ಸಿಗೆ ಬಂದಿತ್ತು. 2017ರಲ್ಲಿ ಆ ಯೋಜನೆಯೇ ‘ಕೈಟ್’ ಎಂಬ ಸರ್ಕಾರಿ ಕಂಪನಿಯಾಯಿತು. 2018ರಿಂದ ಶಾಲೆಗಳಲ್ಲಿ ‘ಲಿಟಲ್ ಕೈಟ್ಸ್’ ಎಂಬ ಮಕ್ಕಳ ಐಟಿ ಕೂಟಗಳೂ ಇವೆ.

ನಮಗೆ ಮುಖ್ಯವಾದ ಸಂಗತಿ ಇನ್ನೊಂದು. ಐಟಿ ಪಠ್ಯಪುಸ್ತಕ ಮಲಯಾಳಂ, ಇಂಗ್ಲಿಷ್, ತಮಿಳು ಮಾತ್ರ ಅಲ್ಲ, ಕನ್ನಡದಲ್ಲೂ ಇದೆ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮದ ಮಕ್ಕಳು ಜಿಂಪ್, ಇಂಕ್‌ಸ್ಕೇಪ್, ಜಿಯೋಜೀಬ್ರಾ, ಕ್ಯೂಜಿಐಎಸ್, ಲಿಬ್ರೆಆಫೀಸ್ ಎಂಬ ತಂತ್ರಾಂಶಗಳ ಬಗ್ಗೆ ಕನ್ನಡದಲ್ಲಿ ಓದುತ್ತಾರೆ. ಕಂಪ್ಯೂಟರಿನ ಮುಂದೆ ಕೂತು ಪರೀಕ್ಷೆ ಬರೆಯುತ್ತಾರೆ. ಎಸ್‌ಎಸ್‌ಎಲ್‌ಸಿ ದಾಟಿದ ನಮ್ಮ ಊರಿನ ಎಷ್ಟೋ ಕನ್ನಡದ ಮಕ್ಕಳಿಗೆ ಟರ್ಮಿನಲ್, ಅಂದರೆ ಕಂಪ್ಯೂಟರಿಗೆ ಟೈಪ್ ಮಾಡಿಯೇ ಆಜ್ಞೆ ಕೊಡುವ ಕಿಟಕಿ, ಏನು ಅಂತ ಗೊತ್ತು. ಹೊರಗಿನ ಕನ್ನಡಿಗರಿಗೆ ಇದು ಗೊತ್ತಿರುವುದು ಕಡಿಮೆ. ಕಾಸರಗೋಡು ಅಂದರೆ 1956ರ ನವೆಂಬರ್ 1, ಮಹಾಜನ ವರದಿ, ಕೈತಪ್ಪಿದ ನಾಡು ಎಂಬಲ್ಲಿಗೆ ಮಾತು ನಿಲ್ಲುತ್ತದೆ.

ಆದರೆ ಪುಸ್ತಕ ಕನ್ನಡದಲ್ಲಿದ್ದರೂ ನಾನು ನೋಡಿದ ಲ್ಯಾಬುಗಳಲ್ಲಿ ಪರದೆಯ ಮೆನು ಇಂಗ್ಲಿಷಿನದು. ಹತ್ತನೇ ತರಗತಿ ಮುಗಿದ ಮೇಲೆ ಎಲ್ಲ ಅಲ್ಲಿಗೇ ನಿಲ್ಲುತ್ತದೆ. ಅಂಗಡಿಗೆ ಹೋದರೆ ವಿಂಡೋಸ್, ಮಂಗಳೂರಿನ ಕಾಲೇಜಿಗೆ ಹೋದರೆ ವಿಂಡೋಸ್. ಕಲಿತದ್ದು ಪರೀಕ್ಷೆಯ ಜೊತೆಗೆ ಮುಗಿದು ಹೋಗುತ್ತದೆ. ಸರ್ಕಾರದ ಆದೇಶದಿಂದ ಶಾಲೆಗೆ ಲಿನಕ್ಸ್ ಬರಬಹುದು. ಬಳಗ ಹಾಗೆ ಬರುವುದಿಲ್ಲ.

ಮಲಯಾಳಂ ಮಾಡಿದ್ದು, ಕನ್ನಡ ಮಾಡಿದ್ದು

ಬಳಗ ಇದ್ದರೆ ಭಾಷೆಗೆ ಏನಾಗುತ್ತದೆ ಅಂತ ನೋಡಲು ದೂರ ಹೋಗಬೇಕಾಗಿಲ್ಲ. 2002ರಲ್ಲಿ ಸುರುವಾದ ‘ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್’ ಗುಂಪನ್ನು ನೋಡಿ. ವಿದ್ಯಾರ್ಥಿಗಳು, ಎಂಜಿನಿಯರುಗಳು, ಅಕ್ಷರದ ಹುಚ್ಚಿರುವವರು ಸೇರಿ ಕಟ್ಟಿದ್ದು. ಮೀರ, ಮಂಜರಿಯಂಥ ಫಾಂಟುಗಳು ಬಂದವು. ಸ್ವರವಿಲ್ಲದೆ ನಿಲ್ಲುವ ಮಲಯಾಳಂನ ಚಿಲ್ಲಕ್ಷರಗಳನ್ನು ಯುನಿಕೋಡಿನಲ್ಲಿ, ಅಂದರೆ ಜಗತ್ತಿನ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಪಟ್ಟಿಯಲ್ಲಿ, ಹೇಗೆ ಇಡಬೇಕು ಅಂತ ವರ್ಷಗಟ್ಟಲೆ ಜಗಳ ನಡೆಯಿತು. 2008ರ ಯುನಿಕೋಡ್ 5.1ರಲ್ಲಿ ಆ ಅಕ್ಷರಗಳಿಗೆ ಬೇರೆಯೇ ಸ್ಥಾನ ಬಂತು. ಆ ತೀರ್ಮಾನವನ್ನು ಒಪ್ಪದವರು ಈಗಲೂ ಇದ್ದಾರೆ. ನನಗೆ ಹಿಡಿಸಿದ್ದು ಆ ಜಗಳ. ಒಂದು ಅಕ್ಷರಕ್ಕಾಗಿ ಅಷ್ಟು ದಿನ ಕೂತು ವಾದ ಮಾಡುವ ಜನ ಇದ್ದರು ಅಂತ ಆಯಿತಲ್ವಾ?

ಕನ್ನಡದಲ್ಲೂ ಕೆಲಸ ಆಗಿದೆ. ನಮ್ಮ ಕರಾವಳಿಯವರೇ ಆದ ಕಿನ್ನಿಕಂಬಳದ ಕೆ.ಪಿ. ರಾವ್ ಕನ್ನಡಕ್ಕೆ ಒಪ್ಪುವ ಕೀಲಿಮಣೆ ರೂಪಿಸಿದರು. ಅದರ ಮೇಲೆಯೇ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ಬಂತು, ‘ನುಡಿ’ ಎಂಬ ಕನ್ನಡ ಬರೆಯುವ ತಂತ್ರಾಂಶ ಬಂತು. ರೆಡ್‌ಹ್ಯಾಟ್ ಕಂಪನಿ ‘ಲೋಹಿತ್’ ಫಾಂಟುಗಳನ್ನು ಮುಕ್ತ ಪರವಾನಗಿಯಲ್ಲಿ ಕೊಟ್ಟಿತು, ಅದರಲ್ಲಿ ಕನ್ನಡವೂ ಇದೆ. ಗುಬ್ಬಿ, ನವಿಲು ಫಾಂಟುಗಳನ್ನು ಕನ್ನಡದ ಹುಡುಗರೇ ಮಾಡಿದರು. 2003ರಿಂದ ಕನ್ನಡ ವಿಕಿಪೀಡಿಯ ಇದೆ. ಬೆಂಗಳೂರಿನ ‘ಸಂಚಯ’ ತಂಡ ಸಾವಿರಾರು ವಚನಗಳನ್ನು ಹುಡುಕಲು ಬರುವ ಹಾಗೆ ಮಾಡಿತು. ಫೈರ್‌ಫಾಕ್ಸ್, ಲಿಬ್ರೆಆಫೀಸ್ ಎರಡಕ್ಕೂ ಕನ್ನಡ ರೂಪ ಇದೆ.

ಇಷ್ಟೆಲ್ಲ ಇದ್ದೂ ಕಾಸರಗೋಡಿನವರು ನಡುವೆ ಬಿದ್ದುಬಿಟ್ಟಿದ್ದೇವೆ. ತಿರುವನಂತಪುರ 500 ಕಿಲೋಮೀಟರಿಗೂ ದೂರ. ಕೊಚ್ಚಿ, ಕೋಯಿಕ್ಕೋಡಿನ ಬಳಗಗಳು ಪ್ರೀತಿಯಿಂದ ಕರೆಯುತ್ತವೆ, ಆದರೆ ಅಲ್ಲಿ ಮಾತು ಮಲಯಾಳಂನಲ್ಲಿ, ತಿದ್ದುವುದು ಮಲಯಾಳಂನ ತೊಂದರೆ. ಅದು ಸಹಜ, ಅವರ ತಪ್ಪಲ್ಲ. ಬೆಂಗಳೂರಿನ ಕೂಟಗಳು ಕನ್ನಡದವರದ್ದೇ ಆದರೂ ಒಂದು ರಾತ್ರಿಯ ಪ್ರಯಾಣ. ಅಲ್ಲಿಯವರಿಗೆ ನಮ್ಮ ಶಾಲೆಯ ಲ್ಯಾಬಿನಲ್ಲಿ ಏನಿದೆ ಅಂತ ತಿಳಿಯುವ ದಾರಿಯೂ ಇಲ್ಲ. ಕನ್ನಡದ ತಂತ್ರಾಂಶವನ್ನು ಮಾಡುವವರು ಒಂದು ಕಡೆ. ಅದನ್ನು ಶಾಲೆಯಲ್ಲಿ ದಿನಾ ಲಿನಕ್ಸಿನ ಮೇಲೆ ಓಡಿಸುವ ಮಕ್ಕಳು ಇನ್ನೊಂದು ಕಡೆ. ನಡುವೆ ಮಾತುಕತೆ ಇಲ್ಲ.

ಕ, ಮ, ಲ

ಇದು ಎಲ್ಲಿ ಚುಚ್ಚುತ್ತದೆ ಅಂತ ತೋರಿಸಲು ಒಂದು ಪದ ಸಾಕು. ‘ಕಮಲ’.

ಕೇರಳದ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಇನ್‌ಸ್ಕ್ರಿಪ್ಟ್ ಕೀಲಿಮಣೆ. 1986ರಲ್ಲಿ ಕೇಂದ್ರ ಸರ್ಕಾರ ತಂದದ್ದು. ಅದರಲ್ಲಿ ‘ಕಮಲ’ ಬರೆಯಲು ಇಂಗ್ಲಿಷಿನ ಕೆ, ಸಿ, ಎನ್ ಕೀಲಿ ಒತ್ತಬೇಕು. ಕ ಇರುವುದು ಕೆ ಮೇಲೆ, ಮ ಇರುವುದು ಸಿ ಮೇಲೆ, ಲ ಇರುವುದು ಎನ್ ಮೇಲೆ. ಮೊದಲ ಸಲ ನೋಡಿದವರಿಗೆ ಇದೇನು ಅಂತ ಅನಿಸುತ್ತದೆ. ಆದರೆ ಇದರ ಸೊಗಸು ಬೇರೆ ಕಡೆ ಇದೆ. ಮಲಯಾಳಂನಲ್ಲಿ ಕಮಲ ಬರೆಯಲೂ ಅದೇ ಮೂರು ಕೀಲಿ. ತಮಿಳಿಗೂ ಅದೇ, ಹಿಂದಿಗೂ ಅದೇ. ವ್ಯಂಜನಗಳು ಹೆಚ್ಚಾಗಿ ಬಲಗೈಗೆ, ಸ್ವರಗಳು ಎಡಗೈಗೆ. ಬೆರಳು ಒಂದು ಲಿಪಿ ಕಲಿತರೆ ಇನ್ನೊಂದು ಲಿಪಿ ತಾನಾಗಿ ಬಂದಂತೆ.

ಸಪ್ತಭಾಷೆಯ ನಾಡು ಅಂತ ಹೇಳಿಕೊಳ್ಳುವ ನಮಗೆ ಇದಕ್ಕಿಂತ ಒಳ್ಳೆಯ ಕೀಲಿಮಣೆ ಬೇಕಾ? ಬೆಳಗ್ಗೆ ಮಲಯಾಳಂನಲ್ಲಿ ಅರ್ಜಿ, ಮಧ್ಯಾಹ್ನ ಕನ್ನಡದಲ್ಲಿ ಆಮಂತ್ರಣ. ನಮ್ಮ ಡಿಟಿಪಿ ಅಂಗಡಿಗಳ ದಿನ ಹೀಗೇ ಕಳೆಯುತ್ತದೆ.

ಶಾಲೆಯಲ್ಲಿ ಇನ್‌ಸ್ಕ್ರಿಪ್ಟ್ ಕಲಿತ ಹುಡುಗಿ ಮುಂದೆ ಮಂಗಳೂರಿಗೆ ಹೋಗಿ ಕೆಲಸಕ್ಕೆ ಸೇರಿದರೆ ಅಲ್ಲಿರುವುದು ಗಣಕ ಪರಿಷತ್ತಿನ ಕೀಲಿಮಣೆ. ಅಲ್ಲಿ ಕಮಲಕ್ಕೆ ಕೆ, ಎಂ, ಎಲ್. ಕೇಳಿದಂತೆ ಒತ್ತಿದರಾಯಿತು. ಅದರದ್ದೂ ಒಂದು ಸೊಗಸು. ಕರ್ನಾಟಕದ ಕಚೇರಿಗಳು, ಪತ್ರಿಕೆಗಳು ಹೆಚ್ಚಾಗಿ ಇದನ್ನೇ ಬಳಸುತ್ತವೆ. ಇದನ್ನು ಕಾಣದ ಕಾಸರಗೋಡಿನ ಒಬ್ಬ ಹುಡುಗಿಗೆ ‘ನಿಮಗೆ ಕನ್ನಡ ಟೈಪಿಂಗ್ ಬರುವುದಿಲ್ಲ’ ಅಂತ ಹೇಳಿ ಕಳಿಸಿದ್ದನ್ನು ನಾನೇ ಕಂಡಿದ್ದೇನೆ. ಅವಳು ಕಣ್ಣುಮುಚ್ಚಿ ಕನ್ನಡ ಟೈಪ್ ಮಾಡುತ್ತಿದ್ದಳು, ಬೇರೆ ಕೀಲಿಗಳಲ್ಲಿ.

ಲಿನಕ್ಸಿನಲ್ಲಿ ಎರಡೂ ಇವೆ. ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್‌ಗೆ ಹೋಗಿ ಕನ್ನಡ ಹುಡುಕಿದರೆ ‘ಕಗಪ’ ಎಂಬ ಹೆಸರಿನ ಇನ್ನೊಂದು ವಿನ್ಯಾಸ ಕಾಣುತ್ತದೆ. ಹತ್ತನೇ ತರಗತಿ ಮುಗಿಸಿದ ಮಗುವಿಗೆ ಎರಡು ಭಾನುವಾರ ಕೂತರೆ ಅದೂ ಬರುತ್ತದೆ. ಹೇಳಿಕೊಡಲು ಯಾರೋ ಒಬ್ಬರು ಬೇಕು, ಅಷ್ಟೇ.

ಇನ್ನೊಂದು ಪದ ‘ರ‍್ಯಾಂಕ್’. ಎಸ್‌ಎಸ್‌ಎಲ್‌ಸಿ ಫಲಿತಾಂಶದ ಬ್ಯಾನರ್ ಮಾಡುವವರಿಗೆಲ್ಲ ಇದರ ಕಷ್ಟ ಗೊತ್ತು. ‘ಸೂರ್ಯ’ ಬರೆಯುವಾಗ ರ ಹಿಂದಕ್ಕೆ ಹೋಗಿ ಅರ್ಕಾವೊತ್ತು ಆಗುತ್ತದೆ. ಅಲ್ಲಿ ಅದು ಸರಿ. ‘ರ‍್ಯಾಂಕ್’ ಬರೆಯುವಾಗ ರ ಮುಂದೆ ಪೂರ್ತಿಯಾಗಿ ನಿಂತು, ಯ ಒತ್ತಾಗಿ ಕೆಳಗೆ ಬರಬೇಕು. ಹಾಗೆ ಆಗಬೇಕಾದರೆ ರ ಮತ್ತು ಹಲಂತದ (ಅಕ್ಷರದ ಸ್ವರ ಕಳೆಯುವ ಚಿಹ್ನೆಯ) ನಡುವೆ ಕಣ್ಣಿಗೆ ಕಾಣದ ಒಂದು ಜೋಡಿಸುವ ಗುರುತು ಹಾಕಬೇಕು. ಉಬುಂಟುವಿನಲ್ಲಿ ಕಂಟ್ರೋಲ್, ಶಿಫ್ಟ್, ಯು ಮೂರನ್ನೂ ಒಟ್ಟಿಗೆ ಒತ್ತಿ, 200ಡಿ ಅಂತ ಬರೆದು, ಎಂಟರ್ ಒತ್ತಿದರೆ ಆ ಗುರುತು ಬರುತ್ತದೆ. ಆಮೇಲೆ ಹಲಂತ, ಆಮೇಲೆ ಯ. ಇದನ್ನು ನನಗೆ ಹೇಳಿಕೊಟ್ಟದ್ದು ಒಬ್ಬ ಮಲಯಾಳಿ ಗೆಳೆಯ. ಅವನಿಗೆ ಕನ್ನಡ ಓದಲು ಬರುವುದಿಲ್ಲ. ಮಲಯಾಳಂನಲ್ಲಿ ಚಿಲ್ಲು ಬರೆಯಲು ಹಿಂದೆ ಇದೇ ಗುರುತು ಬೇಕಾಗುತ್ತಿತ್ತು, ಹಾಗಾಗಿ ಅವನಿಗೆ ಗೊತ್ತಿತ್ತು. ಅವರ ಬಳಗದ ತಿಳಿವಳಿಕೆ ನಮ್ಮ ರ‍್ಯಾಂಕಿಗೆ ಉಪಯೋಗವಾಯಿತು.

ಪೌಂಡಿನ ಗುರುತಾದ ಕನ್ನಡ

ಮತ್ತೆ ಆ ಡಿಟಿಪಿ ಅಂಗಡಿಗೆ ಬರೋಣ. ಲಿನಕ್ಸ್ ಹಾಕುವುದು ಅಲ್ಲಿ ಸುಲಭದ ಭಾಗ. 8 ಜಿಬಿಯ ಒಂದು ಪೆನ್‌ಡ್ರೈವ್ ಸಾಕು. ಹಾಕದೆಯೇ, ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಲೂ ಬರುತ್ತದೆ. 4 ಜಿಬಿ ರ‍್ಯಾಮ್ ಇರುವ ಹಳೆಯ ಯಂತ್ರದಲ್ಲಿ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಎಂಬ ಹಗುರ ರೂಪ ಆರಾಮವಾಗಿ ನಡೆಯುತ್ತದೆ.

ಕಷ್ಟ ಇರುವುದು ಹಳೆಯ ಫೈಲುಗಳಲ್ಲಿ. ಆ ಅಂಗಡಿಯಲ್ಲಿ ವರ್ಷಗಟ್ಟಲೆಯ ಕೆಲಸ ಪೇಜ್‌ಮೇಕರ್ ಫೈಲುಗಳಲ್ಲಿದೆ, ನುಡಿಯ ಹಳೆಯ ಫಾಂಟುಗಳಲ್ಲಿ. ಆ ಫಾಂಟುಗಳ ತಂತ್ರ ಹೀಗೆ: ಕಂಪ್ಯೂಟರಿನ ಒಳಗೆ ಇರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಖ್ಯೆ, ಮೇಲೆ ಕನ್ನಡದ ವೇಷ. ಫಾಂಟ್ ತೆಗೆದರೆ ವೇಷ ಕಳಚುತ್ತದೆ. ‘ಕನ್ನಡ’ ಎಂಬ ಪದವನ್ನೇ ಹಾಗೆ ತೆರೆದು ನೋಡಿದರೆ ಮೊದಲು ಇಂಗ್ಲಿಷಿನ ಪಿ, ಅದರ ಪಕ್ಕ ತಲೆಯ ಮೇಲೆ ಗೀಟಿರುವ ಎ, ಆಮೇಲೆ ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಗೀಟಿನ ಎ, ಒಂದು ಜರ್ಮನ್ ಅಕ್ಷರ, ಒಂದು ಕ್ಯೂ, ಮತ್ತೆ ಗೀಟಿನ ಎ. ಕಂಪ್ಯೂಟರಿಗೆ ಅದು ಕನ್ನಡ ಅಂತ ಗೊತ್ತೇ ಇಲ್ಲ. ಹುಡುಕಲು ಬರುವುದಿಲ್ಲ, ಫೋನಿನಲ್ಲಿ ಕಳಿಸಲು ಬರುವುದಿಲ್ಲ.

ಯುನಿಕೋಡಿನಲ್ಲಿ ಹಾಗಲ್ಲ. ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಇದೆ, ಯಾವ ಫಾಂಟ್ ಹಾಕಿದರೂ ಕನ್ನಡ ಕನ್ನಡವೇ. ಹಳೆಯದನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳನ್ನು ಕನ್ನಡದ ಸ್ವಯಂಸೇವಕರು ಬರೆದು ಮುಕ್ತವಾಗಿ ಕೊಟ್ಟಿದ್ದಾರೆ. ಪುಟ ಕಟ್ಟಲು ಸ್ಕ್ರೈಬಸ್ ಇದೆ. ಎಷ್ಟೋ ವರ್ಷ ಅದರಲ್ಲಿ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುತ್ತಿರಲಿಲ್ಲ. 2024ರ ಜನವರಿಯಲ್ಲಿ ಬಂದ 1.6 ಆವೃತ್ತಿಯಲ್ಲಿ ಆ ತೊಂದರೆ ಬಹುಪಾಲು ನೀಗಿದೆ. ಅಂದರೆ ಈಗ ದಾರಿ ಇದೆ. ಆ ದಾರಿ ಇದೆ ಅಂತ ಅಂಗಡಿಯವರಿಗೆ ಗೊತ್ತಿಲ್ಲ.

ಎಲ್ಲ ಸಲೀಸು ಅಂತ ನಾನು ಹೇಳುವುದಿಲ್ಲ. ಫೋಟೋಶಾಪ್ ಬಿಟ್ಟು ಜಿಂಪ್ ಹಿಡಿಯಲು ಕೈಗೆ ಸಮಯ ಬೇಕು. ಹಳೆಯ ಲೇಸರ್ ಪ್ರಿಂಟರುಗಳಲ್ಲಿ ಕೆಲವು ಲಿನಕ್ಸಿಗೆ ಜಗ್ಗುವುದೇ ಇಲ್ಲ. ಕೆಲಸ ನಿಂತರೆ ಅಂಗಡಿಯವರಿಗೆ ಆ ದಿನದ ಸಂಪಾದನೆ ಹೋಗುತ್ತದೆ. ಹಾಗಿರುವಾಗ ‘ಲಿನಕ್ಸ್ ಹಾಕಿ, ಒಳ್ಳೆಯದು’ ಅಂತ ಹೇಳಿ ಎದ್ದು ಬರುವುದು ಸರಿಯಲ್ಲ. ನಾಳೆ ಪ್ರಿಂಟ್ ಬಾರದಿದ್ದರೆ ಬಂದು ನೋಡುವ ಜನ ಬೇಕು. ಬಳಗ ಅಂತ ನಾನು ಹೇಳುತ್ತಿರುವುದು ಇದನ್ನೇ.

ಆರು ಜನ, ಒಂದು ಮೇಜು

ತಮಿಳುನಾಡಿನ ವಿಲ್ಲುಪುರಂನಲ್ಲಿ ಒಂದು ಲಿನಕ್ಸ್ ಬಳಕೆದಾರರ ಬಳಗ ಇದೆ. ವಿಲ್ಲುಪುರಂ ದೊಡ್ಡ ಊರೇನಲ್ಲ, ಐಟಿ ಕಂಪನಿಗಳ ಊರೂ ಅಲ್ಲ. ಹಳ್ಳಿಯಿಂದ ಬರುವ ವಿದ್ಯಾರ್ಥಿಗಳಿಗೆ ಅಲ್ಲಿಯವರು ತಮಿಳಿನಲ್ಲೇ, ಫೀಸಿಲ್ಲದೆ ಹೇಳಿಕೊಡುತ್ತಾರೆ. ಕಾಂಚೀಪುರಂನಲ್ಲೂ ಅಂಥ ಬಳಗ ಇದೆ. ಇಂಥದ್ದು ಬೆಂಗಳೂರು, ಚೆನ್ನೈಯಲ್ಲಿ ಮಾತ್ರ ಆಗುತ್ತದೆ ಅಂತ ಅಂದುಕೊಂಡಿದ್ದ ನನಗೆ ಅದರಿಂದ ಧೈರ್ಯ ಬಂತು.

ನಾವು ಈಗ ಆರು ಜನ ಸೇರುತ್ತೇವೆ, ಊರಿನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ. ಇದಕ್ಕೆ ಹೆಸರು ಇನ್ನೂ ಇಟ್ಟಿಲ್ಲ. ಇಬ್ಬರು ಶಾಲೆಯ ಟೀಚರುಗಳು, ಒಬ್ಬರು ಜನರ ಸರ್ಕಾರಿ ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರದಲ್ಲಿ ಕೆಲಸ ಮಾಡುವವರು, ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ, ಆ ಡಿಟಿಪಿ ಅಂಗಡಿಯವರು, ನಾನು. ಮಾತು ಕನ್ನಡದಲ್ಲಿ, ನಡುನಡುವೆ ತುಳು, ಮಲಯಾಳಂ. ಭಾಷಣ ಇಟ್ಟುಕೊಳ್ಳುವುದಿಲ್ಲ. ಮೊದಲ ಸಲ ನಾನು ಪರದೆ ಹಾಕಿ ಲಿನಕ್ಸಿನ ಇತಿಹಾಸ ಹೇಳಲು ಹೊರಟಿದ್ದೆ. ಅರ್ಧ ಗಂಟೆಗೆ ಎಲ್ಲರ ಕಣ್ಣು ಬಾಗಿಲ ಕಡೆ ಇತ್ತು. ಎರಡನೇ ಸಲದಿಂದ ಒಂದೇ ನಿಯಮ: ಯಾರಾದರೂ ಒಂದು ಕೆಟ್ಟ ಯಂತ್ರವನ್ನೋ ಬಗೆಹರಿಯದ ಫೈಲನ್ನೋ ತರಬೇಕು, ಎದ್ದು ಹೋಗುವ ಮೊದಲು ಅದು ಸರಿಯಾಗಬೇಕು ಅಥವಾ ಯಾಕೆ ಸರಿಯಾಗಲಿಲ್ಲ ಅಂತ ಬರೆದಿಡಬೇಕು.

ಆ ಬರೆದಿಡುವುದೇ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಅನಿಸುತ್ತದೆ. ಮುಕ್ತ ತಂತ್ರಾಂಶದಲ್ಲಿ ತಪ್ಪು ಸರಿಯಾಗುವುದು ಯಾರಾದರೂ ಅದನ್ನು ವರದಿ ಮಾಡಿದರೆ. ತಂತ್ರಾಂಶ ಬರೆದವರು ಬರ್ಲಿನ್‌ನಲ್ಲೋ ಪುಣೆಯಲ್ಲೋ ಇರುತ್ತಾರೆ, ಅವರಿಗೆ ಕನ್ನಡ ಗೊತ್ತಿಲ್ಲ. ಒತ್ತಕ್ಷರ ತಪ್ಪಾಗಿ ಕೂತಿದೆ ಅಂತ ಕನ್ನಡ ಓದುವವರೇ ಹೇಳಬೇಕು. ನಮ್ಮ ಲ್ಯಾಬುಗಳಲ್ಲಿ ಮಕ್ಕಳು ವರ್ಷಗಳಿಂದ ಆ ತಪ್ಪುಗಳನ್ನು ನೋಡುತ್ತಿದ್ದಾರೆ. ‘ಟೀಚರ್, ಇದು ಹೀಗೆ ಬರ್ತದೆ’ ಅಂತ ಹೇಳುತ್ತಾರೆ. ಮಾತು ಆ ಕೋಣೆಯಲ್ಲೇ ಉಳಿಯುತ್ತದೆ. ಕನ್ನಡದ ಲಿನಕ್ಸನ್ನು ದಿನಾ ಪರೀಕ್ಷಿಸುವ ಇಷ್ಟು ಕಣ್ಣುಗಳು ಒಂದೇ ಕಡೆ ಬೇರೆ ಎಲ್ಲಿವೆ? ಬೆಂಗಳೂರಿನಲ್ಲೂ ಇಲ್ಲ.

ಮುಂದೆ ಇನ್ನೊಂದು ಕೆಲಸವೂ ಕಾದಿದೆ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಯುನಿಕೋಡ್ 16ರಲ್ಲಿ ತುಳು ತಿಗಳಾರಿ ಲಿಪಿಗೆ ಜಾಗ ಸಿಕ್ಕಿತು. ಈ ಲಿಪಿಯ ತಾಳೆಗರಿಗಳನ್ನು ಓದಿ ಹಳೆಯ ತುಳು ಕಾವ್ಯಗಳನ್ನು ಬೆಳಕಿಗೆ ತಂದ ವೆಂಕಟರಾಜ ಪುಣಿಂಚತ್ತಾಯರು ನಮ್ಮ ಜಿಲ್ಲೆಯವರು. ಈಗ ಅದಕ್ಕೆ ಮುಕ್ತ ಫಾಂಟುಗಳು ಬೇಕು, ಕೀಲಿಮಣೆ ಬೇಕು, ಅಕ್ಷರ ಸರಿಯಾಗಿ ಕೂರುತ್ತದಾ ಅಂತ ನೋಡುವವರು ಬೇಕು. ಟೀಚರೊಬ್ಬರು ಯುನಿಕೋಡಿನ ಆ ಅಕ್ಷರಪಟ್ಟಿಯನ್ನು ಅಚ್ಚು ಹಾಕಿಸಿಕೊಂಡು ಬಂದಿದ್ದರು. ಮನೆಯಲ್ಲಿರುವ ಒಂದು ಹಳೆಯ ಮಂತ್ರದ ಪುಸ್ತಕದ ಅಕ್ಷರದ ಜೊತೆ ಹೋಲಿಸಿ ನೋಡುತ್ತಾ ಕೂತಿದ್ದರು.

ಕಳೆದ ಭಾನುವಾರ ಅಂಗಡಿಯವರು ಪೆನ್‌ಡ್ರೈವಿನಲ್ಲಿ ಒಂದು ಹಳೆಯ ಫೈಲ್ ತಂದರು. ಹದಿನೈದು ವರ್ಷದ ಹಿಂದಿನ ತಾಳಮದ್ದಳೆಯ ಕರಪತ್ರ. ಅರ್ಥಧಾರಿಗಳ ಪಟ್ಟಿಯಲ್ಲಿ ಈಗ ತೀರಿಹೋದ ಅವರ ಅಣ್ಣನ ಹೆಸರಿತ್ತು. ಪರಿವರ್ತಕಕ್ಕೆ ಹಾಕಿದೆವು. ಪೌಂಡಿನ ಗುರುತುಗಳೆಲ್ಲ ಒಂದೊಂದಾಗಿ ಕನ್ನಡವಾದವು. ಎರಡು ಕಡೆ ಮಾತ್ರ ಒತ್ತು ತಪ್ಪಿತ್ತು. ಮಗಳು ಜೊತೆಗೆ ಬಂದಿದ್ದಳು. ಅವಳೇ ಕೂತು ತಿದ್ದಿದಳು, ಇನ್‌ಸ್ಕ್ರಿಪ್ಟಿನಲ್ಲಿ, ಕೀಲಿ ನೋಡದೆ. ಆಮೇಲೆ ದೊಡ್ಡಪ್ಪನ ಹೆಸರನ್ನು ಹುಡುಕುವ ಪೆಟ್ಟಿಗೆಯಲ್ಲಿ ಹಾಕಿ ಎಂಟರ್ ಒತ್ತಿದಳು. ಪುಟದ ಮಧ್ಯದಲ್ಲಿ ಆ ಹೆಸರು ಹಳದಿಯಾಗಿ ಹೊಳೆಯಿತು. ಅಂಗಡಿಯವರು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದರು: ‘ಉಳಿದದ್ದನ್ನೂ ತರಲಾ? ಒಂದು ಪೆಟ್ಟಿಗೆ ತುಂಬ ಸಿ.ಡಿ. ಉಂಟು.’